ಶಿರಸಿ ಮಳೇಲಿ ಕೂತು ಅಂಡರ್-19 ಬಾಸ್ಕೆಟ್‌ಬಾಲ್ ವರ್ಲ್ಡ್ ಕಪ್ ನೋಡೋದು ಹೇಗೆ

ಮೊದ್ಲು ಟೈಮ್ ಲೆಕ್ಕ ಹಾಕ್ಕೊಳ್ಳಿ. 2025ರದ್ದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಆಗಿತ್ತು, ಅಲ್ಲಿ ಸಂಜೆ 6 ಅಂದ್ರೆ ನಮಗೆ ರಾತ್ರಿ 9.30, ಅದೂ ಜೂನ್ ಕೊನೆ, ಹೊರಗೆ ಜಡಿಮಳೆ, ಕರೆಂಟ್ ಹೋಗೋ ಹೊತ್ತೂ ಅದೇ ಮಾರಾಯ್ರೆ! ಹಂಗಾಗಿ ಸಂಜೇನೇ ಫೋನ್ ಫುಲ್ ಚಾರ್ಜ್ ಮಾಡಿ, ನೆಟ್ ಕುಂಟಿದ್ರೆ ವಿಡಿಯೋ ಕ್ವಾಲಿಟಿ 360ಕ್ಕೆ ಇಳಿಸಿ, ಬಾಲ್ ಕಾಣತ್ತೆ ಸಾಕು.

ಎಲ್ಲಾ ಮ್ಯಾಚಿಗೂ ನಿದ್ದೆಗೆಡಬೇಡಿ. 16 ಟೀಮು, ನಾಲ್ಕು ಗುಂಪು, ಆದ್ರೆ ಗುಂಪಲ್ಲಿ ಮೂರೂ ಸೋತವರೂ ಮುಂದಿನ ಹದಿನಾರರ ಸುತ್ತಿಗೆ ಹೋಗ್ತಾರೆ, ಎದುರಾಳಿ ಮಾತ್ರ ಗಟ್ಟಿ ಸಿಗತ್ತೆ. ಅಸಲಿ ಆಟ ಅಲ್ಲಿಂದ.

ನೋಡುವಾಗ ಬರೀ ಸ್ಕೋರ್ ನೋಡ್ಬೇಡಿ, ಟೀಮ್ ಫೌಲ್ ಲೆಕ್ಕದ ಮೇಲೆ ಕಣ್ಣಿಡಿ. ಕ್ವಾರ್ಟರ್ 10 ನಿಮಿಷ, ಅದ್ರಲ್ಲಿ ನಾಲ್ಕು ಫೌಲ್ ದಾಟಿದ್ರೆ ಡಿಫೆನ್ಸಲ್ಲಿ ಸುಮ್ನೆ ಕೈ ತಾಗಿಸಿದ್ರೂ ಎದುರಿನವ್ರಿಗೆ ಎರಡು ಫ್ರೀ ಥ್ರೋ, ಅಂದ್ರೆ ಯಾರೂ ಅಡ್ಡ ಬರದ ಹಾಗೆ ಹೊಡೆಯೋ ಶಾಟ್. ಹುಡುಗ್ರು ಗಡಿಬಿಡೀಲಿ ಇಲ್ಲೇ ಎಡವೋದು. ಒಬ್ಬನಿಗೇ ಐದು ಫೌಲ್ ಆದ್ರೆ ಆಟ ಮುಗೀತು, ಬೆಂಚಿಗೆ. ಬಾಲ್ ಸಿಕ್ಕಿದ ಟೀಮು ಶಾಟ್ ಹೊಡೆಯೋಕೆ 24 ಸೆಕೆಂಡಿನ ಗಡಿಯಾರ, ತಪ್ಪಿದ ಶಾಟ್ ರಿಂಗಿಗೆ ಬಡಿದು ಅದೇ ಟೀಮಿಗೆ ವಾಪಸ್ ಸಿಕ್ರೆ 14 ಸೆಕೆಂಡ್ ಅಷ್ಟೇ.

ಫೈನಲ್ ದಿನ ಫ್ಲಾಸ್ಕಿಗೆ ಕಷಾಯ ತುಂಬಿಟ್ಕೊಳ್ಳಿ. ಕಳೆದ ಸಲ ಅಮೆರಿಕ ಜರ್ಮನಿಯನ್ನ ಸೋಲಿಸಿದಾಗ ನಮ್ಮನೇಲಿ ಕೊನೇ ಕ್ವಾರ್ಟರ್ ಪೂರ್ತಿ ಕತ್ತಲೆ, ಆಯಿ ಬೈದಿದ್ದು ಬೇರೆ.