ಗೋಧಿಗೆ ಮೊದಲು ಸ್ಪ್ರಿಂಕ್ಲರ್, ಆಮೇಲೆ ಪಟ್ಟಿ ನೀರು

ಸವದತ್ತಿ ತಾಲ್ಲೂಕಿನಲ್ಲಿ ನಮ್ಮದು ಎರೆ (ಕಪ್ಪು ಮಣ್ಣಿನ) ಹೊಲ, ಬೋರ್‌ವೆಲ್ ನೀರು. ಹಾಕುವ ಗೋಧಿ ಯುಎಎಸ್-428, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡ್ಯೂರಮ್ (ರವೆ, ಶಾವಿಗೆಗೆ ಬಳಸುವ ಗಟ್ಟಿ ಗೋಧಿ) ತಳಿ. ನವೆಂಬರ್ ಅರ್ಧದೊಳಗೆ ಕೂರಿಗೆ ಹೂಡುತ್ತೇನೆ. ಸ್ಪ್ರಿಂಕ್ಲರ್ ಒಳ್ಳೆಯದೋ, ನೀರು ಹಾಯಿಸುವುದು ಒಳ್ಳೆಯದೋ ಎಂದು ಕೇಳುವವರು ಜಾಸ್ತಿ. ನಾನು ಒಂದೇ ಬೆಳೆಗೆ ಎರಡನ್ನೂ ಬಳಸುತ್ತೇನೆ.

ಬಿತ್ತಿದ 20-22ನೇ ದಿನದ ನೀರು ತಪ್ಪಿಸಲೇಬಾರದು. ಆಗ ಮಣ್ಣಿನೊಳಗೆ, ಮೇಲ್ಭಾಗದಲ್ಲೇ ಇರುವ ಗಂಟಿನಿಂದ ಮುಕುಟ ಬೇರು ಹೊರಡುತ್ತವೆ. ಮೇಲ್ಮಣ್ಣು ಒಣಗಿದ್ದರೆ ಅವು ಇಳಿಯುವುದಿಲ್ಲ, ತೆಂಡೆಯೂ (ಬುಡದಿಂದ ಒಡೆಯುವ ಕವಲು) ಕಡಿಮೆಯಾಗುತ್ತದೆ. ಹೋದ ತೆಂಡೆ ಆಮೇಲಿನ ನೀರಿಗೆ ಬರುವುದಿಲ್ಲ.

ಆದರೆ ಆ ಹೊತ್ತಿಗೆ ಬೇಕಾದದ್ದು ತೆಳು ನೀರು. ಮಡಿ ತುಂಬಿಸಲು ಹೊರಟರೆ ಎರೆ ಬಿರುಕುಗಳೇ ಬಹಳ ನೀರು ಕುಡಿಯುತ್ತವೆ. ಕೆಳತುದಿಗೆ ನೀರು ಮುಟ್ಟುವಷ್ಟರಲ್ಲಿ ಮೇಲ್ತುದಿ ಕೆಸರು. ಬೇರಿಗೆ ಗಾಳಿ ಸಿಗದೆ ಸಸಿ ಹಳದಿಯಾಗುತ್ತದೆ. ಜನ ಅದನ್ನು ಗೊಬ್ಬರದ ಕೊರತೆ ಅಂದುಕೊಂಡು ಸುಮ್ನೆ ಯೂರಿಯಾ ಎರಚುತ್ತಾರೆ! ಅದಕ್ಕೇ ಇಲ್ಲಿ ನನ್ನದು ಸ್ಪ್ರಿಂಕ್ಲರ್. 20 ಅಡಿಯ ಪೈಪು, ಎರಡು ಪೈಪಿಗೊಂದು ಜೆಟ್, ಒಂದು ಜಾಗದಲ್ಲಿ ಮೂರ್ನಾಲ್ಕು ತಾಸು. ಹೊಲದ ತುಂಬ ತೆಂಡೆ ಒಂದೇ ಸಮ ಬರುತ್ತದೆ. ಇಳುವರಿಯ ಫರಕು ಬರುವುದು ಅಲ್ಲಿಂದಲೇ ಎಂಬುದು ನನ್ನ ಲೆಕ್ಕ. ತೆಂಡೆಯೊಡೆಯುವ ಹಂತದ ನೀರೂ ಹೀಗೆಯೇ. ಬೆಳಗಿನ ಹೊತ್ತು ಗಾಳಿ ಕಡಿಮೆ, ಆಗಲೇ ಮುಗಿಸುತ್ತೇನೆ. ಸಂಜೆ ಹಾರಿಸಿದರೆ ಎಲೆ ರಾತ್ರಿಯಿಡೀ ಒದ್ದೆ, ತುಕ್ಕು ರೋಗಕ್ಕೆ ಅಷ್ಟು ಸಾಕು.

ತೆನೆ ಹೊರಡುವ ಹೊತ್ತಿಗೆ ಪೈಪು ಎತ್ತಿಡುತ್ತೇನೆ. ಸೊಂಟಮಟ್ಟ ಬೆಳೆಯಲ್ಲಿ ಪೈಪು ಹೊರಳಿಸಿದರೆ ತುಳಿದು ಹಾಳಾಗುವುದೇ ಹೆಚ್ಚು. ಹೂವಿನ ಮೇಲೆ ನೀರು ಬೀಳುವುದೂ ಬೇಡ. ಬಿತ್ತುವಾಗಲೇ ಇಳಿಜಾರಿನುದ್ದಕ್ಕೆ ಸಣ್ಣ ಬದು ಹಾಕಿ ಹೊಲವನ್ನು ಉದ್ದುದ್ದ ಪಟ್ಟಿ ಮಾಡಿರುತ್ತೇನೆ, ಇನ್ನು ಆ ಪಟ್ಟಿಗಳಲ್ಲೇ ನೀರು ಹಾಯಿಸುವುದು. ಅಷ್ಟೊತ್ತಿಗೆ ನೆಲವನ್ನೆಲ್ಲ ಬೇರು ಹಿಡಿದಿರುತ್ತದೆ, ಸ್ವಲ್ಪ ಜಾಸ್ತಿ ನಿಂತರೂ ತಡೆದುಕೊಳ್ಳುತ್ತದೆ. ನಮ್ಮಲ್ಲಿ ಚಳಿ ಬೇಗ ಮುಗಿಯುತ್ತದೆ. ಹೂವಾಡುವಾಗ, ಕಾಳಿಗೆ ಹಾಲು ತುಂಬುವಾಗ ನೆಲ ತಂಪಿರದಿದ್ದರೆ ಕಾಳು ಜೊಳ್ಳು. ಜೋರು ಗಾಳಿಯ ದಿನ ಮಾತ್ರ ಹಾಯಿಸಬಾರದು. ತೆನೆಭಾರಕ್ಕೆ ಬೆಳೆ ಮಲಗಿಬಿಡುತ್ತದೆ.

ಕಾಳು ಗಟ್ಟಿಯಾಗತೊಡಗಿದರೆ ನೀರು ಬಂದ್. ಆಮೇಲೂ ಹಾಯಿಸುತ್ತಾ ಹೋದರೆ ಡ್ಯೂರಮ್ ಕಾಳಿನಲ್ಲಿ ಬಿಳಿ ಮಚ್ಚೆ ಜಾಸ್ತಿಯಾಗುತ್ತದೆ. ರವೆ, ಶಾವಿಗೆಗೆ ಕೊಳ್ಳುವವರು ಅಂಥ ಮಾಲಿಗೆ ಮೊದಲು ದರವನ್ನೇ ಇಳಿಸುತ್ತಾರೆ.