ಸಣ್ಣ ಊರಿನ ಡಿಗ್ರಿ ಕಾಲೇಜಲ್ಲಿ ಮನಸ್ಸಿನ ಆರೋಗ್ಯದ ಕೆಲಸ: ಬಸ್ ಟೈಮಿನಿಂದ ಶುರು ಮಾಡಿ

ಪ್ರತಿ ವರ್ಷ ಅಕ್ಟೋಬರ್ 10ಕ್ಕೆ ವಿಶ್ವ ಮಾನಸಿಕ ಆರೋಗ್ಯ ದಿನ. ಬ್ಯಾನರ್ ಕಟ್ಟುತ್ತೇವೆ, ದೀಪ ಹಚ್ಚುತ್ತೇವೆ, ಅತಿಥಿಗಳು ಒಂದು ಗಂಟೆ ಮಾತಾಡುತ್ತಾರೆ, ಫೋಟೋ ನ್ಯಾಕ್ (ಕಾಲೇಜುಗಳಿಗೆ ಗ್ರೇಡ್ ಕೊಡುವ ಸಂಸ್ಥೆ) ಫೈಲಿಗೆ ಹೋಗುತ್ತದೆ. ಅದರಿಂದ ನಷ್ಟವೇನೂ ಇಲ್ಲ. ಆದರೆ ಭಾಷಣ ಕೇಳಿದ ಒಬ್ಬ ಹುಡುಗಿಗೆ ‘ನಾನೂ ಡಾಕ್ಟರಿಗೆ ತೋರಿಸಬೇಕು’ ಅನ್ನಿಸಿತು ಅಂತಿಟ್ಟುಕೊಳ್ಳಿ. ಮರುದಿನ ಅವಳು ಎಲ್ಲಿಗೆ ಹೋಗಬೇಕು? ಯಾವ ಬಸ್ಸಿಗೆ? ಮನೆಯಲ್ಲಿ ಏನಂತ ಹೇಳಬೇಕು? ಇದಕ್ಕೆ ಉತ್ತರ ಸಿದ್ಧ ಇಲ್ಲದಿದ್ದರೆ ಭಾಷಣ ಮುಂದಿನ ವರ್ಷ ಇಡಿ.

ನಾನು ದಕ್ಷಿಣ ಕೊಡಗಿನ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಸ್ಟಾಫ್ ಮೀಟಿಂಗಿನಲ್ಲಿ ‘ವಿದ್ಯಾರ್ಥಿ ಕ್ಷೇಮ ಯಾರು ನೋಡಿಕೊಳ್ಳುತ್ತೀರಿ’ ಅಂತ ಪ್ರಿನ್ಸಿಪಾಲರು ಕೇಳಿದಾಗ ಎಲ್ಲರೂ ಮೇಜು ನೋಡಿದರು. ಹಾಗೆ ನನಗೆ ಬಂತು. ನಾನು ಸೈಕಾಲಜಿ ಓದಿದವಳಲ್ಲ. ಆದ್ದರಿಂದ ಇಲ್ಲಿ ಹೇಳುವುದು ಚಿಕಿತ್ಸೆಯನ್ನಲ್ಲ, ಕಾಲೇಜಿನಿಂದ ಚಿಕಿತ್ಸೆಯವರೆಗಿನ ದಾರಿಯನ್ನು.

ಮೊದಲು ಒಂದು ಹಾಳೆ ತಯಾರು ಮಾಡಿ

ಹತ್ತಿರದಲ್ಲಿ ಉಚಿತವಾಗಿ ಏನೇನಿದೆ ಅಂತ ಪಟ್ಟಿ ಮಾಡಿ. ಜಿಲ್ಲಾ ಆರೋಗ್ಯ ಇಲಾಖೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇರುತ್ತದೆ. ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರಲಿ ಅಂತ ಮಾಡಿದ್ದು ‘ಮನೋಚೈತನ್ಯ’. ಅದರ ದಿನ ಮಂಗಳವಾರ. ನಮ್ಮ ಜಿಲ್ಲೆಯವರಿಗೆ ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯೂ ಇದೆ. ಯುವಜನರಿಗೆ ಮಾರ್ಗದರ್ಶನ ಕೊಡಲು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ನಡೆಸುವ ‘ಯುವ ಸ್ಪಂದನ’ ಇದೆ. ಇನ್ನು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ನಂಬರ್ 14416. 2022ರಲ್ಲಿ ಶುರುವಾಯಿತು, ದಿನದ 24 ಗಂಟೆ, ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇಷ್ಟನ್ನು ಗೂಗಲ್ ಮಾಡಿದರೂ ಸಿಗುತ್ತದೆ. ನಿಮ್ಮ ಕೆಲಸ ಇದರ ನಂತರದ್ದು. ಆಸ್ಪತ್ರೆಗೆ ಫೋನ್ ಮಾಡಿ, ಡಾಕ್ಟರು ನಿಜವಾಗಿ ಯಾವ ದಿನ, ಎಷ್ಟು ಗಂಟೆಗೆ ಬರುತ್ತಾರೆ ಅಂತ ಕೇಳಿ. ಬೋರ್ಡ್ ನಂಬಬೇಡಿ. ಒಂದು ದಿನ ನೀವೇ ಹೋಗಿ ನೋಡಿ ಬನ್ನಿ: ಚೀಟಿ ಮಾಡಿಸುವುದು ಎಲ್ಲಿ, ಯಾವ ರೂಮು, ಹೊರಗೆ ಬೆಂಚಿನಲ್ಲಿ ಕೂತವರು ರಸ್ತೆಗೆ ಕಾಣುತ್ತಾರಾ. ಕಾಲೇಜಿನಿಂದ ಅಲ್ಲಿಗೆ ಬಸ್ ಎಷ್ಟೊತ್ತಿಗೆ, ವಾಪಸ್ ಎಷ್ಟೊತ್ತಿಗೆ, ಅಲ್ಲಿಂದ ಊರಿನ ಕಡೇ ಬಸ್ ಸಿಗುತ್ತಾ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ಈ ಹಾಳೆಯೇ ನಿಮ್ಮ ಸೇವೆ. ಉಳಿದದ್ದೆಲ್ಲ ಇದಕ್ಕೆ ಸೇರಿಸುವುದು.

‘ಫೋನ್ ನಂಬರ್ ಕೊಟ್ಟರೆ ಸಾಕಲ್ವಾ ಮೇಡಂ’ ಅಂತ ಒಬ್ಬರು ಕೇಳಿದರು. ಪೇಟೆಯಲ್ಲಾದರೆ ಸಾಕೇನೋ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಕರೆಂಟ್ ಹೋದರೆ ಟವರ್ ಕೂಡ ಹೋಗುತ್ತದೆ. ತೋಟದ ಲೈನ್ ಮನೆಯ (ಕಾರ್ಮಿಕರ ಸಾಲು ಮನೆಯ) ಹುಡುಗನಿಗೆ ಸಿಗ್ನಲ್ ಬೇಕಾದರೆ ದಿಬ್ಬ ಹತ್ತಬೇಕು, ಸಂಜೆ ಮೇಲೆ ಆ ದಾರಿಯಲ್ಲಿ ಆನೆ. ಮನೆಯೊಳಗೆ ಮಾತಾಡಿದರೆ ಎಲ್ಲರ ಕಿವಿಗೂ ಬೀಳುತ್ತದೆ. ಫೋನ್ ಮಾಡುವ ಜಾಗವನ್ನು ಕಾಲೇಜಲ್ಲೇ ಕೊಡಬೇಕು.

ರೂಮಿಗೆ ಬೋರ್ಡ್ ಹಾಕಬೇಡಿ

ಒಂದು ಸಣ್ಣ ರೂಮು, ಹಾಕಿಕೊಳ್ಳಲು ಬಾಗಿಲು, ಸಿಗ್ನಲ್ ಬರುವ ಕಿಟಕಿ. ಪ್ರಿನ್ಸಿಪಾಲರ ಚೇಂಬರ್ ಪಕ್ಕ ಬೇಡ. ಹೊರಗೆ ‘ಆಪ್ತಸಮಾಲೋಚನಾ ಕೇಂದ್ರ’ ಅಂತ ಬರೆದಿರೋ, ಒಬ್ಬರೂ ಬರುವುದಿಲ್ಲ. ಕೊಡಗು ಎಷ್ಟು ಸಣ್ಣದು ಅಂದರೆ, ಮನೆ ಹೆಸರು ಹೇಳಿದ ಕೂಡಲೇ ಎದುರಿನವರು ‘ಓ, ನೀನು ಅವರ ತಂಗಿ ಮಗಳಾ’ ಅನ್ನುತ್ತಾರೆ. ನಮ್ಮಲ್ಲಿ ಸ್ಕಾಲರ್‌ಶಿಪ್ ಅರ್ಜಿ, ಬಸ್ ಪಾಸ್, ಹಾಸ್ಟೆಲ್ ತಕರಾರು ಎಲ್ಲವನ್ನೂ ಅದೇ ರೂಮಿನಲ್ಲಿ ನೋಡುತ್ತೇವೆ. ಒಳಗೆ ಹೋದವರು ಯಾತಕ್ಕೆ ಹೋದರು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಇನ್ನೂ ಒಂದು ಲಾಭ ಇದೆ. ಸ್ಕಾಲರ್‌ಶಿಪ್ ಬಂದಿಲ್ಲ ಅಂತ ಬಂದ ಹುಡುಗ ಫೀಸು, ಅಪ್ಪನ ಕುಡಿತ, ನಿದ್ದೆ ಇಲ್ಲದ್ದು ಅಂತ ಒಂದೊಂದಾಗಿ ಹೇಳುತ್ತಾ ಹೋಗುತ್ತಾನೆ.

ತಾಲ್ಲೂಕು ಆಸ್ಪತ್ರೆಯಲ್ಲಿ ನೆಂಟರು ಕೆಲಸ ಮಾಡುತ್ತಿದ್ದರೆ ವಿದ್ಯಾರ್ಥಿ ಅಲ್ಲಿಗೆ ಹೋಗಲಾರ. ಹಾಳೆಯಲ್ಲಿ ಇನ್ನೊಂದು ತಾಲ್ಲೂಕಿನದ್ದೋ ಮಡಿಕೇರಿಯದ್ದೋ ದಾರಿ ಇರಲೇಬೇಕು. ಹಾಗೇ, ಸ್ಟಾಫಿನಲ್ಲಿ ಯಾರಿಗೆ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಯರವ ಭಾಷೆ ಬರುತ್ತದೆ ಅಂತ ಬರೆದಿಟ್ಟುಕೊಳ್ಳಿ. ಅಳು ಬಂದಾಗ ಮನೆ ಮಾತೇ ಬಾಯಿಗೆ ಬರುವುದು.

ಯಾರ ಮೇಲೆ ಕಣ್ಣಿಡಬೇಕು

ಹಾಜರಾತಿ ಪುಸ್ತಕಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಆದರೆ ಅದನ್ನು ಕ್ಯಾಲೆಂಡರ್ ಜೊತೆ ಓದಬೇಕು. ಡಿಸೆಂಬರ್‌ನಿಂದ ಫೆಬ್ರವರಿ, ಮಾರ್ಚ್‌ವರೆಗೆ ಕಾಫಿ ಕೊಯ್ಲು. ಆಗ ಗೈರಾದವರು ಬಹಳಷ್ಟು ಜನ ಸುಮ್ನೆ ಕೂತಿರುವುದಿಲ್ಲ, ತೋಟದಲ್ಲಿ ಇರುತ್ತಾರೆ. ಕೊಯ್ಲೂ ಇಲ್ಲ, ಜ್ವರವೂ ಇಲ್ಲ, ಗೆಳೆಯರ ಮೆಸೇಜಿಗೂ ಉತ್ತರ ಇಲ್ಲ ಅನ್ನುವವರನ್ನು ಹುಡುಕಿ. ಪದೇ ಪದೇ ತಲೆನೋವು, ಎದೆ ಡವಡವ ಅಂತ ಹೇಳುವವರನ್ನು, ಇದ್ದಕ್ಕಿದ್ದಂತೆ ಪ್ರೀತಿಯ ವಸ್ತುಗಳನ್ನು ಹಂಚಿಬಿಡುವವರನ್ನು ಗಮನಿಸಿ.

ಮಳೆಯ ವಿಷಯ ಬೇರೆಯೇ ಹೇಳಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿಯಿತು. 2019ರಲ್ಲಿ ನಮ್ಮ ವಿರಾಜಪೇಟೆ ಕಡೆಯ ತೋರದಲ್ಲಿ. ಈಗ ಡಿಗ್ರಿ ಓದುವವರು ಆಗ ಸಣ್ಣ ಮಕ್ಕಳು. ಅವರಲ್ಲಿ ಕೆಲವರಿಗೆ ಜೋರು ಮಳೆಯ ರಾತ್ರಿ ಇವತ್ತಿಗೂ ನಿದ್ದೆ ಇಲ್ಲ. ಆಗಸ್ಟ್‌ನಲ್ಲಿ ಕ್ಲಾಸಿನಲ್ಲಿ ತೂಕಡಿಸುವವರನ್ನು ಬೈಯುವ ಮೊದಲು ಯಾವ ಊರು ಅಂತ ಕೇಳಿ.

ಕೇಳುವುದು ಹೇಗೆ

ಇಲ್ಲಿ ನಮ್ಮಂಥ ಮೇಷ್ಟ್ರುಗಳಿಗೆ ಕಷ್ಟ ಜಾಸ್ತಿ. ಬಾಯಿ ತೆರೆದರೆ ಬುದ್ಧಿಮಾತು ಬರುತ್ತದೆ. ‘ನಿನ್ನ ವಯಸ್ಸಿಗೆ ನಾವು ಎಷ್ಟು ಕಷ್ಟಪಟ್ಟಿದ್ದೇವೆ ಗೊತ್ತಾ’ ಅನ್ನುವ ಮಾತು ಗಂಟಲಲ್ಲೇ ಇರಲಿ. ‘ಈಚೆಗೆ ಊಟ ಸೇರ್ತಿದೆಯಾ? ರಾತ್ರಿ ಎಷ್ಟೊತ್ತಿಗೆ ಮಲಗ್ತೀಯ?’ ಇಲ್ಲಿಂದ ಶುರು ಮಾಡಿ. ಆಮೇಲೆ ಸುಮ್ಮನಿರಿ. ಆ ಮೌನ ತುಂಬಲು ನೀವು ಹೋಗಬೇಡಿ.

ಭಯ ಅನ್ನಿಸಿದರೆ ನೇರವಾಗಿ ಕೇಳಿ: ‘ಬದುಕೋದೇ ಬೇಡ ಅಂತ ಅನ್ನಿಸ್ತಿದೆಯಾ?’ ಕೇಳಿದ್ದರಿಂದ ಆ ಯೋಚನೆ ತಲೆಗೆ ಹೊಕ್ಕುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೂಡ ಹೀಗೇ ಹೇಳುತ್ತದೆ. ಹೌದು ಅಂದರೆ ಅವತ್ತು ನಿಮ್ಮ ಉಳಿದ ಕ್ಲಾಸು ಬಿಟ್ಟುಬಿಡಿ. ಅವರನ್ನು ಒಂಟಿಯಾಗಿ ಬಿಡಬೇಡಿ. 14416ಕ್ಕೆ ಪಕ್ಕದಲ್ಲೇ ಕೂತು ಫೋನ್ ಮಾಡಿಸಿ. ಅಪಾಯ ಹತ್ತಿರದಲ್ಲೇ ಇದೆ ಅನ್ನಿಸಿದರೆ 108 ಕರೆಸಿ, ಇಲ್ಲವೇ ಜೊತೆಗೇ ಆಸ್ಪತ್ರೆಗೆ ಹೋಗಿ. ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ. ಮನೆಗೆ ತಿಳಿಸಬೇಕಾಗುತ್ತದೆ. ಯಾರಿಗೆ ಹೇಳಲಿ, ಅಮ್ಮನಿಗಾ, ಅಕ್ಕನಿಗಾ, ಮಾವನಿಗಾ ಅಂತ ಅವರನ್ನೇ ಕೇಳಿ, ಅವರ ಎದುರೇ ಫೋನ್ ಮಾಡಿ.

ಮನೆಯವರಿಗೆ ಒಂದು ವಿಷಯ ಬಿಡಿಸಿ ಹೇಳಲೇಬೇಕು. ತೋಟದ ಔಷಧಿ, ಕಳೆನಾಶಕ ಬೀಗದೊಳಗೆ ಹೋಗಲಿ. ಕೋವಿ ಇದ್ದರೆ ಅದಕ್ಕೂ ಬೀಗ, ಗುಂಡು ಬೇರೆ ಕಡೆ, ಕೀಲಿ ಹಿರಿಯರ ಹತ್ತಿರ. ಇಲ್ಲಿ ಕೋವಿಗೆ ಹಬ್ಬದಲ್ಲಿ ಪೂಜೆ ಮಾಡುತ್ತಾರೆ, ಅದರ ಬಗ್ಗೆ ಹೊರಗಿನವರು ಮಾತೆತ್ತಿದರೆ ಮುಖ ಬಿಗಿಯುತ್ತದೆ. ನಾನು ‘ಡಾಕ್ಟರು ಸಾಕು ಅನ್ನುವವರೆಗೆ ಮಾತ್ರ’ ಅಂತ ಸೇರಿಸುತ್ತೇನೆ. ಒಪ್ಪುತ್ತಾರೆ.

‘ಪೊಲೀಸ್ ಕೇಸ್ ಆಗುತ್ತಾ’ ಅನ್ನುವುದು ಅಪ್ಪಂದಿರ ಮೊದಲ ಪ್ರಶ್ನೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು. ಅವರಿಗೆ ಶಿಕ್ಷೆ ಇಲ್ಲ, ಆರೈಕೆ ಕೊಡಿಸುವುದು ಸರ್ಕಾರದ ಕೆಲಸ. ಚಿಕಿತ್ಸೆಯ ಗುಟ್ಟು ಕಾಯುವ ಹಕ್ಕು ಕೂಡ ಅದೇ ಕಾಯ್ದೆಯಲ್ಲಿದೆ. ಆದ್ದರಿಂದ ಹಾಜರಾತಿ ಪುಸ್ತಕದ ಅಂಚಿನಲ್ಲಿ ‘ಡಿಪ್ರೆಶನ್’ ಅಂತ ಗೀಚಬೇಡಿ. ಸ್ಟಾಫ್ ರೂಮಿನ ಚಹಾದ ಹೊತ್ತಿಗೆ ಹೆಸರು ಎತ್ತಲೂ ಬೇಡಿ.

ಕೌನ್ಸೆಲರ್ ಎಲ್ಲಿಂದ ತರೋದು

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿಯ ಪ್ರಕಾರ, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ತರಬೇತಾದ ಒಬ್ಬ ಕೌನ್ಸೆಲರನ್ನಾದರೂ ಇಟ್ಟುಕೊಳ್ಳಬೇಕು. ಅದಕ್ಕಿಂತ ಸಣ್ಣವು ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ, ಸಹಾಯವಾಣಿ ನಂಬರ್ ಕಣ್ಣಿಗೆ ಬೀಳುವಂತೆ ಹಾಕುವುದು, ಇದೂ ಅದರಲ್ಲಿದೆ. ಇದನ್ನು ಪ್ರಿಂಟ್ ತೆಗೆದು ಕಾಲೇಜು ಅಭಿವೃದ್ಧಿ ಸಮಿತಿಗೆ ಪತ್ರದ ಜೊತೆ ಲಗತ್ತಿಸಿ. ಬಾಯಿಮಾತಿಗೆ ‘ನೋಡೋಣ’ ಅನ್ನುವವರು ಪತ್ರಕ್ಕೆ ಉತ್ತರ ಬರೆಯಬೇಕಾಗುತ್ತದೆ. ಹುದ್ದೆ ಬರುವವರೆಗೆ ಜಿಲ್ಲಾ ತಂಡವನ್ನು ತಿಂಗಳಿಗೊಮ್ಮೆ ಕಾಲೇಜಿಗೇ ಕರೆಯಿರಿ. ಭಾಷಣಕ್ಕಲ್ಲ, ಆ ರೂಮಿನಲ್ಲಿ ಕೂರುವುದಕ್ಕೆ. ತರಬೇತಿಗೆ ಅತಿಥಿ ಉಪನ್ಯಾಸಕರನ್ನು, ಹಾಸ್ಟೆಲ್ ವಾರ್ಡನ್‌ರನ್ನು ಬಿಡಬೇಡಿ. ಮಕ್ಕಳು ಅವರ ಹತ್ತಿರ ಸಲಿಗೆಯಲ್ಲಿರುತ್ತಾರೆ.

ಮೊದಲ ಭೇಟಿ ಆದ ಮೇಲೆ

ಬಹಳಷ್ಟು ಜನ ಇಲ್ಲೇ ತಪ್ಪಿಹೋಗುತ್ತಾರೆ. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸುವುದು, ಮಂಪರು ಮಾತ್ರ ಗೊತ್ತಾಗುತ್ತದೆ. ‘ಏನೂ ಪ್ರಯೋಜನ ಇಲ್ಲ’ ಅಂತ ಬಿಡುತ್ತಾರೆ. ಎರಡನೇ ವಾರ ನೀವಾಗಿ ಮಾತಾಡಿಸಿ, ನಿಲ್ಲಿಸುವುದಾದರೆ ಡಾಕ್ಟರನ್ನು ಕೇಳಿಯೇ ನಿಲ್ಲಿಸಲು ಹೇಳಿ.

ಆಸ್ಪತ್ರೆಗೆ ಹೋದ ದಿನದ ಹಾಜರಾತಿ ಕೊಡಿಸಿ, ಕಾರಣದ ಜಾಗದಲ್ಲಿ ‘ವೈದ್ಯಕೀಯ’ ಅಂತಷ್ಟೇ ಇರಲಿ. ಮುಂದಿನ ಸೆಮಿಸ್ಟರಿನ ಟೈಮ್ ಟೇಬಲ್ ಹಾಕುವಾಗ ಮಂಗಳವಾರ ಬೆಳಿಗ್ಗೆ ಇಂಟರ್ನಲ್ ಟೆಸ್ಟ್ ಇಡಬೇಡಿ ಅಂತ ಈಗಲೇ ಹೇಳಿಡಿ. ಕಮಿಟಿಯವರು ಗೊಣಗುತ್ತಾರೆ. ಗೊಣಗಲಿ.