ಹಿತ್ತಲಲ್ಲಿ ಸ್ವೀಟ್‌ಕಾರ್ನ್: ಸಾಲು ಬೇಡ, ಚೌಕ ಬೇಕು

ಗಿಡ ಆಳೆತ್ತರ ಬೆಳೆದಿರುತ್ತದೆ. ತೆನೆಯೂ ದಪ್ಪಗೆ ಕಾಣುತ್ತದೆ. ಆಸೆಯಿಂದ ಸುಲಿದು ನೋಡಿದರೆ ಅಲ್ಲೊಂದು ಇಲ್ಲೊಂದು ಕಾಳು, ಉಳಿದದ್ದು ಬರೀ ದಿಂಡು. ಉಡುಪಿ, ಮಂಗಳೂರು ಕಡೆ ಮನೆ ಹಿತ್ತಲಲ್ಲಿ ಸ್ವೀಟ್‌ಕಾರ್ನ್ ಹಾಕಿದ ಎಷ್ಟೋ ಜನ ನನ್ನ ಹತ್ತಿರ ಹೇಳಿದ್ದು ಇದನ್ನೇ. ಆಮೇಲೆ "ನಮ್ಮ ಮಣ್ಣಿಗೆ ಇದು ಹೇಳಿದ್ದಲ್ಲ" ಅಂತ ಬಿಟ್ಟುಬಿಡುತ್ತಾರೆ.

ಮೊದಲ ವರ್ಷ ನನಗೂ ಹಾಗೇ ಆಗಿತ್ತು. ಕಟಪಾಡಿಯ ನಮ್ಮ ಮನೆಯ ಕಂಪೌಂಡಿನ ಉದ್ದಕ್ಕೆ ಒಂದೇ ಸಾಲಿನಲ್ಲಿ 20 ಗಿಡ ನೆಟ್ಟಿದ್ದೆ. ಗೊಬ್ಬರ, ನೀರು ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ. ಆದರೂ ಒಂದೇ ಒಂದು ತೆನೆ ಪೂರ್ತಿ ತುಂಬಲಿಲ್ಲ. ಮರುವರ್ಷ ಅದೇ ತಳಿ, ಅದೇ ಮಣ್ಣು, ಅಷ್ಟೇ ಗೊಬ್ಬರ. ನೆಡುವ ಕ್ರಮ ಮಾತ್ರ ಬದಲಿಸಿದೆ. ತೆನೆ ತುದಿವರೆಗೂ ಕಾಳು ಕಟ್ಟಿತು. ತಪ್ಪು ಮಣ್ಣಿನದ್ದಲ್ಲ, ಸಾಲಿನದ್ದು.

ಗಾಳಿ ಮಾಡುವ ಕೆಲಸ

ಸ್ವೀಟ್‌ಕಾರ್ನ್ ಮೆಕ್ಕೆಜೋಳದ್ದೇ ಒಂದು ಬಗೆ. ಈ ಜೋಳದಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಗಿಡದ ನೆತ್ತಿಯಲ್ಲಿ ಕವಲು ಕವಲಾಗಿ ಬರುವ ಸೂಲಂಗಿ ಗಂಡು. ನಡುವಿನ ಎಲೆಯ ಸಂದಿನಲ್ಲಿ ಮೂಡುವ ತೆನೆ ಹೆಣ್ಣು. ತೆನೆಯ ತುದಿಯಿಂದ ಕೂದಲು ಇಳಿಬೀಳುತ್ತದೆ ಅಲ್ವಾ? ಅದರ ಒಂದೊಂದು ಎಳೆಯೂ ಒಂದೊಂದು ಕಾಳಿಗೆ ಸೇರಿದ್ದು. 400 ಕಾಳಿನ ತೆನೆ ಬೇಕಾದರೆ 400 ಎಳೆಗೂ ಪರಾಗದ ಹುಡಿ ತಾಗಬೇಕು. ಯಾವ ಎಳೆಗೆ ತಾಗಲಿಲ್ಲವೋ ಆ ಜಾಗ ಖಾಲಿ.

ಈ ಹುಡಿಯನ್ನು ತಲುಪಿಸುವುದು ಗಾಳಿ. ಜೇನುಹುಳು ಸೂಲಂಗಿಗೆ ಬಂದು ಹುಡಿ ಒಯ್ಯುತ್ತದೆ, ಆದರೆ ತೆನೆಯ ಕೂದಲಿನ ಕಡೆ ಅದಕ್ಕೆ ಕೆಲಸ ಇಲ್ಲ. ಚಳಿಗಾಲದಲ್ಲಿ ನಮ್ಮ ಕರಾವಳಿಯ ಗಾಳಿಗೆ ಒಂದು ಕ್ರಮ ಇದೆ. ಬೆಳಗ್ಗೆ ಘಟ್ಟದ ಕಡೆಯಿಂದ ಮೂಡುಗಾಳಿ. ಮಧ್ಯಾಹ್ನದ ಹೊತ್ತಿಗೆ ಅದು ತಿರುಗಿ ಕಡಲಿನ ಕಡೆಯಿಂದ ಪಡುಗಾಳಿ. ಸೂಲಂಗಿ ಜಾಸ್ತಿ ಹುಡಿ ಉದುರಿಸುವುದು ಇಬ್ಬನಿ ಆರಿದ ಮೇಲೆ, ಬೆಳಗ್ಗೆ 9ರಿಂದ 11ರ ಒಳಗೆ. ನನ್ನ ಸಾಲು ತೆಂಕು ಬಡಗಾಗಿ ಉದ್ದಕ್ಕಿತ್ತು. ಮೂಡುಗಾಳಿ ಬಂದು ಹುಡಿಯನ್ನೆಲ್ಲ ಗೋಡೆ ದಾಟಿಸಿ ರಸ್ತೆಗೆ ಒಯ್ದಿತು. ಪಕ್ಕದ ಗಿಡದ ಕೂದಲಿಗೆ ಸಿಕ್ಕಿದ್ದು ಚೂರೇ ಚೂರು. ಚೌಕದಲ್ಲಿ ನೆಟ್ಟರೆ ಗಾಳಿ ಯಾವ ಕಡೆಯಿಂದ ಬಂದರೂ ಎದುರಿಗೆ ಇನ್ನೊಂದು ಗಿಡ ನಿಂತಿರುತ್ತದೆ.

ನನ್ನ ಅಳತೆ ಹೀಗಿದೆ. 10 ಅಡಿ ಉದ್ದ, 6 ಅಡಿ ಅಗಲದ ಜಾಗ. ಅದರಲ್ಲಿ 5 ಸಾಲು, ಸಾಲಿಗೆ 6 ಗಿಡ, ಒಟ್ಟು 30. ಸಾಲಿನಿಂದ ಸಾಲಿಗೆ 2 ಅಡಿ, ಗಿಡದಿಂದ ಗಿಡಕ್ಕೆ 1 ಅಡಿ. ಅಷ್ಟು ಜಾಗ ಇಲ್ಲದಿದ್ದರೆ ನಾಲ್ಕು ಸಾಲಿನಲ್ಲಿ ನಾಲ್ಕು ನಾಲ್ಕು, 16 ಗಿಡ ಹಾಕಿ. ಗಿಡಕ್ಕೆ ಒಂದು ಒಳ್ಳೆಯ ತೆನೆ ಅಂತ ಲೆಕ್ಕ ಇಟ್ಟುಕೊಳ್ಳಿ. ಎರಡನೆಯದು ಬಂದರೆ ಸಂತೋಷ, ಆದರೆ ಅದು ಸಣ್ಣದೇ.

ಜಾಗಕ್ಕೆ ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು. ತೆಂಗಿನ ಮರದ ಅಡಿ, ಅಡಿಕೆ ತೋಟದ ಅಂಚು ಆಗುವುದಿಲ್ಲ. ಚಳಿಗಾಲದಲ್ಲಿ ಸೂರ್ಯ ತೆಂಕಕ್ಕೆ ವಾಲುತ್ತಾನೆ. ಹಾಗಾಗಿ ಜೋಳವನ್ನು ತರಕಾರಿ ಪಾತಿಗಳ ಬಡಗು ತುದಿಯಲ್ಲಿ ಹಾಕಿದರೆ ಬೆಂಡೆ, ಅಲಸಂಡೆಗೆ ನೆರಳು ಬೀಳುವುದಿಲ್ಲ.

ದೀಪಾವಳಿ ಕಳೆಯಲಿ

ಮಳೆಗಾಲದಲ್ಲಿ ಇದನ್ನು ಹಾಕಲು ಹೋಗಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಸುರಿಯುವ ಮಳೆಗೆ ಬುಡದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಬಿಸಿಲು ಸಾಲದೆ ಗಿಡ ಸೊರಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಪರಾಗದ ಹುಡಿ ನೆನೆದು ಮುದ್ದೆಯಾಗುತ್ತದೆ.

ಏಣೆಲಿನ (ಮಳೆಗಾಲದ ಮೊದಲ ಭತ್ತದ ಬೆಳೆ) ಕೊಯ್ಲು ಮುಗಿದು ಗದ್ದೆಯನ್ನು ಸುಗ್ಗಿಗೆ (ಎರಡನೇ ಬೆಳೆ) ಹದ ಮಾಡುವ ಹೊತ್ತಿದೆಯಲ್ಲ, ಅದೇ ಸ್ವೀಟ್‌ಕಾರ್ನಿಗೂ ಸರಿಯಾದ ಹೊತ್ತು. ದೀಪಾವಳಿ ಕಳೆದು ಗುಡುಗು ಮಳೆ ನಿಂತ ಮೇಲೆ ಶುರುಮಾಡಿ, ಮಕರ ಸಂಕ್ರಾಂತಿಯ ಒಳಗೆ ಕೊನೆಯ ಬಿತ್ತನೆ ಮುಗಿಸಿ. ಬೀಜ ಹಾಕಿದ ಮೇಲೆ ತೆನೆ ಕೀಳಲು ಸುಮಾರು 70ರಿಂದ 80 ದಿನ ಬೇಕು. ಸಂಕ್ರಾಂತಿಗೆ ಬಿತ್ತಿದರೆ ಏಪ್ರಿಲ್ ಮೊದಲ ವಾರದ ಒಳಗೆ ಮುಗಿಯುತ್ತದೆ. ಅದಕ್ಕಿಂತ ತಡ ಮಾಡಿದರೆ ಬಾವಿ ಇಳಿಯುತ್ತದೆ. ಕಡಲಿಗೆ ಹತ್ತಿರದ ಮನೆಗಳಲ್ಲಿ ಏಪ್ರಿಲ್, ಮೇ ಹೊತ್ತಿಗೆ ಬಾವಿ ನೀರು ಉಪ್ಪಾಗುವುದೂ ಇದೆ. ಆ ನೀರನ್ನು ಜೋಳಕ್ಕೆ ಹಾಕಬೇಡಿ. ಎಲೆಯ ಅಂಚು ಸುಟ್ಟ ಹಾಗೆ ಒಣಗುತ್ತದೆ.

ಮಣ್ಣು ಹದ ಮಾಡುವುದು

ನಮ್ಮದು ಮುರಕಲ್ಲಿನ ಕೆಂಪು ಮಣ್ಣು. ವರ್ಷವೂ ಮಳೆಗೆ ತೊಳೆದು ತೊಳೆದು ಹುಳಿಯಾಗಿರುತ್ತದೆ. ಹುಳಿ ಮಣ್ಣಿನಲ್ಲಿ ರಂಜಕ ಇದ್ದರೂ ಬೇರಿಗೆ ಸಿಗುವುದಿಲ್ಲ, ಎಳೆ ಗಿಡದ ಎಲೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಇದಕ್ಕೆ ಸುಣ್ಣ ಬೇಕು. ಬಿತ್ತುವ 15 ದಿನ ಮೊದಲು ಮಣ್ಣನ್ನು ಒಂದು ಅಡಿ ಆಳ ಅಗೆದು, 60 ಚದರ ಅಡಿಗೆ ಸುಮಾರು 1 ಕಿಲೋ ಅರಳಿದ ಚಿಪ್ಪಿನ ಸುಣ್ಣದ ಹುಡಿ ಎರಚಿ ಮಗುಚಿ, ನೀರು ಹಾಕಿ ಬಿಡಿ. ಸುಣ್ಣವನ್ನೂ ಗೊಬ್ಬರವನ್ನೂ ಒಂದೇ ದಿನ ಸೇರಿಸಬೇಡಿ. ಗೊಬ್ಬರದ ಸಾರಜನಕ ಆವಿಯಾಗಿ ಹೋಗುತ್ತದೆ. ಮಣ್ಣಿನ ಹುಳಿ ಎಷ್ಟಿದೆ ಎಂದು ತಿಳಿದು ಹಾಕಿದರೆ ಇನ್ನೂ ಒಳ್ಳೆಯದು. ಬ್ರಹ್ಮಾವರದಲ್ಲೂ ಮಂಗಳೂರಿನ ಕಂಕನಾಡಿಯಲ್ಲೂ ಕೃಷಿ ವಿಜ್ಞಾನ ಕೇಂದ್ರ ಇದೆ, ಮಣ್ಣು ಪರೀಕ್ಷೆಗೆ ಅಲ್ಲಿ ವಿಚಾರಿಸಿ.

ಎರಡು ವಾರ ಕಳೆದ ಮೇಲೆ ಚೆನ್ನಾಗಿ ಹುಡಿಯಾದ ಹಟ್ಟಿ ಗೊಬ್ಬರ 12ರಿಂದ 15 ಕಿಲೋ, ಎಲುಬಿನ ಹುಡಿ ಅರ್ಧ ಕಿಲೋ ಸೇರಿಸಿ. ಮನೆಯಲ್ಲಿ ಸುಡುಮಣ್ಣು (ತರಗೆಲೆ, ಕಸದ ಜೊತೆ ಸುಟ್ಟ ಮಣ್ಣು) ಮಾಡುವ ಕ್ರಮ ಇದ್ದರೆ ಅದನ್ನೂ ಎರಡು ಬುಟ್ಟಿ ಹಾಕಿ. ಜೋಳ ಹೊಟ್ಟೆಬಾಕ. ಬಸಳೆ, ಹರಿವೆಗೆ ಹಾಕುವಷ್ಟು ಗೊಬ್ಬರ ಇದಕ್ಕೆ ಏನೇನೂ ಸಾಲದು.

ಬೀಜ

ಅಂಗಡಿಗಳಲ್ಲಿ ಜಾಸ್ತಿ ಸಿಗುವುದು ಹೈಬ್ರಿಡ್. ಶುಗರ್-75 ಎಲ್ಲರಿಗೂ ಗೊತ್ತಿರುವ ಹೆಸರು. ಮಾಧುರಿ, ಪ್ರಿಯಾ ಎಂಬ ಹೈಬ್ರಿಡ್ ಅಲ್ಲದ ತಳಿಗಳೂ ಇವೆ. ಬೀಜ ಇಟ್ಟುಕೊಂಡು ಮರುವರ್ಷ ಹಾಕುವ ಆಸೆ ಇದ್ದರೆ ಇಂಥ ತಳಿಯನ್ನೇ ಹುಡುಕಿ. ಹೈಬ್ರಿಡ್‌ನ ಕಾಳು ಬಿತ್ತಿದರೆ ತಾಯಿಯ ಗುಣ ಹಾಗೇ ಬರುವುದಿಲ್ಲ.

ಸ್ವೀಟ್‌ಕಾರ್ನ್ ಬೀಜ ಸುಕ್ಕುಗಟ್ಟಿ ಹಗುರವಾಗಿರುತ್ತದೆ. ನೋಡಿ ಹಾಳಾಗಿದೆ ಅಂದುಕೊಳ್ಳಬೇಡಿ. ಒಳಗೆ ಪಿಷ್ಟ ಕಡಿಮೆ, ಸಕ್ಕರೆ ಜಾಸ್ತಿ. ಅದಕ್ಕೇ ಹಾಗೆ. ಅದೇ ಕಾರಣಕ್ಕೆ ಅದು ಬೇಗ ಮುಗ್ಗುತ್ತದೆ, ಬೇಗ ಕೊಳೆಯುತ್ತದೆ. ರಾತ್ರಿ ಪೂರಾ ನೀರಲ್ಲಿ ನೆನೆಸಬೇಡಿ. ಗುಲಾಬಿ, ಹಸಿರು ಬಣ್ಣ ಹಚ್ಚಿದ್ದರೆ ಅದು ಔಷಧಿ. ಮಕ್ಕಳ ಕೈಗೆ ಕೊಡಬೇಡಿ, ಬಿತ್ತಿದ ಮೇಲೆ ಕೈ ತೊಳೆಯಿರಿ. 30 ಗಿಡಕ್ಕೆ ಹತ್ತು ಗ್ರಾಂ ಬೀಜ ಸಾಕು. ಉಳಿದದ್ದನ್ನು ಗಾಳಿ ಹೋಗದ ಡಬ್ಬಿಯಲ್ಲಿ ಫ್ರಿಜ್‌ನ ಕೆಳಗಿನ ಅಂಕಣದಲ್ಲಿಡಿ.

ಇನ್ನೊಂದು ಮುಖ್ಯ ವಿಷಯ. ಸಾಮಾನ್ಯ ಮೆಕ್ಕೆಜೋಳದ ಹುಡಿ ಸ್ವೀಟ್‌ಕಾರ್ನ್ ಕೂದಲಿಗೆ ತಾಗಿದರೆ ಅದೇ ತೆನೆಯ ಕಾಳು ಸಪ್ಪೆಯಾಗುತ್ತದೆ, ಗಟ್ಟಿಯಾಗುತ್ತದೆ. ಈ ವಿಷಯದಲ್ಲಿ ಕರಾವಳಿಯವರು ಪುಣ್ಯವಂತರು, ಇಲ್ಲಿ ಮೆಕ್ಕೆಜೋಳದ ಹೊಲಗಳು ತೀರಾ ಅಪರೂಪ. ಆದರೆ ಹಸುವಿನ ಮೇವಿಗೆ ಮೆಕ್ಕೆಜೋಳ ಹಾಕುವವರು ಇದ್ದಾರೆ. ನೆರೆಮನೆಯವರನ್ನು ಒಂದು ಮಾತು ಕೇಳಿ. ಅವರು ಹಾಕಿದ್ದರೆ ನಿಮ್ಮ ಬಿತ್ತನೆ ಮೂರು ವಾರ ಆಚೆ ಈಚೆ ಮಾಡಿ. ಹೂವು ಬರುವ ಹೊತ್ತು ಬೇರೆಯಾಗುತ್ತದೆ. ಎರಡು ಬೇರೆ ಬೇರೆ ಸ್ವೀಟ್‌ಕಾರ್ನ್ ತಳಿಯನ್ನೂ ಒಂದೇ ಚೌಕದಲ್ಲಿ ಬೆರೆಸಬೇಡಿ.

ಬಿತ್ತಿದ ಮೇಲೆ ಮೊದಲ ತಿಂಗಳು

ಒಂದು ಗುಳಿಗೆ ಎರಡು ಬೀಜ, ಒಂದು ಇಂಚು ಆಳ. ಮಣ್ಣು ಒದ್ದೆ ಇರಲಿ, ಕೆಸರಾಗುವುದು ಬೇಡ. ನಾಲ್ಕೈದು ದಿನಕ್ಕೆ ಮೊಳಕೆ ಕಾಣುತ್ತದೆ. ಗೇಣುದ್ದ ಆದಾಗ ಬಲವಾದದ್ದನ್ನು ಬಿಟ್ಟು ಇನ್ನೊಂದನ್ನು ಕತ್ತರಿಯಿಂದ ಕತ್ತರಿಸಿ. ಕಿತ್ತರೆ ಪಕ್ಕದ ಬೇರೂ ಅಲುಗುತ್ತದೆ.

ಈ ದಿನಗಳಲ್ಲಿ ನವಿಲು, ಹೆಗ್ಗಣ ಇವೆರಡರ ಕಾಟ. ನವಿಲು ಮೊಳಕೆಯನ್ನು ಹಿಡಿದು ಎಳೆದು ಬುಡದ ಕಾಳು ತಿನ್ನುತ್ತದೆ. ಮಲ್ಪೆ ಕಡೆ ಹಳೆಯ ಮೀನುಬಲೆ ಸಿಗುತ್ತದೆ. ನಾಲ್ಕು ಕೋಲು ಊರಿ ಮೇಲೆ, ಬದಿಗೆ ಕಟ್ಟಿಬಿಡಿ. ಗಿಡ ಮೊಣಕಾಲು ಎತ್ತರ ಬಂದ ಮೇಲೆ ಮೇಲಿನದ್ದನ್ನು ತೆಗೆಯಬಹುದು. ಸಾಲುಗಳ ನಡುವೆ ಹರಿವೆ ಬೀಜ ಎರಚಿದರೆ ಜೋಳ ನೆರಳು ಕಟ್ಟುವ ಮೊದಲೇ ಒಂದು ಸಲ ಸೊಪ್ಪು ಸಿಗುತ್ತದೆ.

25, 30 ದಿನಕ್ಕೆ ಮೊಣಕಾಲೆತ್ತರ ಬರುತ್ತದೆ. ಆಗ ಕಳೆ ತೆಗೆದು, ಗಿಡಕ್ಕೆ ಒಂದು ಹಿಡಿ ನೆಲಕಡಲೆ ಹಿಂಡಿಯ ಹುಡಿ ಹಾಕಿ, ಬುಡಕ್ಕೆ ಮಣ್ಣು ಏರಿಸಿ. ಮಣ್ಣು ಏರಿಸಿದರೆ ಕಾಂಡದ ಕೆಳಗಿನ ಗಣ್ಣಿನಿಂದ ಹೊಸ ಬೇರು ಇಳಿದು ಗಿಡ ಗಾಳಿಗೆ ಬೀಳುವುದಿಲ್ಲ. ಆಮೇಲೆ ತರಗೆಲೆ ಹೊದಿಸಿ. ಬುಡದ ಎಲೆ ತುದಿಯಿಂದ ನಡುನರದ ಉದ್ದಕ್ಕೆ ಹಳದಿಯಾಗುತ್ತಾ ಬಂದರೆ ಸಾರಜನಕ ಸಾಲಲಿಲ್ಲ ಅಂತ ಅರ್ಥ. ಹಿಂಡಿ ನೆನೆಸಿದ ನೀರನ್ನು ತೆಳ್ಳಗೆ ಮಾಡಿ ವಾರಕ್ಕೊಮ್ಮೆ ಕೊಡಿ. ಸೂಲಂಗಿ ಇಣುಕುವಾಗ ಇನ್ನೊಂದು ಸಲ ಹಿಂಡಿ ಹಾಕಿ. ಬುಡದಲ್ಲಿ ಬರುವ ಮರಿಗಳನ್ನು ಕೀಳುವ ಅಗತ್ಯ ಇಲ್ಲ.

ಸುಳಿಯೊಳಗಿನ ಹುಳು

ಜೋಳದ ದೊಡ್ಡ ಶತ್ರು ಫಾಲ್ ಸೈನಿಕ ಹುಳು. ಅಮೆರಿಕ ಮೂಲದ ಈ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು ನಮ್ಮ ರಾಜ್ಯದಲ್ಲೇ, 2018ರಲ್ಲಿ. ಘಟ್ಟದ ಮೇಲಿನ ರೈತರನ್ನು ಅದು ತುಂಬ ನೋಯಿಸಿದೆ. ಹಿತ್ತಲಿನ 30 ಗಿಡಕ್ಕೆ ಹೆದರಬೇಕಾಗಿಲ್ಲ, ಆದರೆ ಕಣ್ಣು ತಪ್ಪಿಸಬಾರದು. ಎಲೆಯ ಮೇಲೆ ಬಿಳಿ ಕಿಟಕಿಯಂಥ ಗುರುತು, ಆಮೇಲೆ ತೂತು, ಸುಳಿಯಲ್ಲಿ ಒದ್ದೆ ಮರದ ಹುಡಿಯ ಹಾಗೆ ಹಿಕ್ಕೆ ಕಂಡರೆ ಒಳಗೆ ಅದು ಇದೆ. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರ, ಹಿಂದಿನ ತುದಿಯ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ ಇರುತ್ತದೆ.

ಮೊಳಕೆ ಬಂದ ಹತ್ತನೇ ದಿನದಿಂದ ದಿನಾ ಬೆಳಗ್ಗೆ ಒಂದು ಸುತ್ತು ಹೋಗಿ ಸುಳಿ ನೋಡಿ. ಎಲೆ ಮೇಲೆ ಹತ್ತಿಯಂಥ ಮೊಟ್ಟೆಯ ಗುಂಪು ಕಂಡರೆ ಉಜ್ಜಿ ತೆಗೆಯಿರಿ. ಹುಳುವನ್ನು ಕಡ್ಡಿಯಿಂದ ಹೆಕ್ಕಿ ಸೋಪಿನ ನೀರಿಗೆ ಹಾಕಿ. ಒಣಗಿದ ನಯ ಮರಳು ಒಂಬತ್ತು ಪಾಲು, ಸುಣ್ಣದ ಹುಡಿ ಒಂದು ಪಾಲು ಬೆರೆಸಿ ಸುಳಿಗೆ ಒಂದು ಚಿಟಿಕೆ ಹಾಕಿದರೆ ಹುಳು ಒಳಗೆ ಉಳಿಯುವುದಿಲ್ಲ. ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಸ್ವಲ್ಪ ಸೋಪು ಕಲಸಿ ಸಂಜೆ ಸುಳಿಗೇ ಸಿಂಪಡಿಸಬಹುದು. ಮಕ್ಕಳು ಗಿಡದಿಂದ ಕಿತ್ತು ಹಸಿಯಾಗಿಯೇ ಕಚ್ಚುವ ತೆನೆ ಇದು. ವಿಷದ ಬಾಟಲಿಯನ್ನು ನಾನಂತೂ ಹಿತ್ತಲಿಗೆ ತರುವುದಿಲ್ಲ.

ಕೂದಲು ಬಂದಾಗ

ಸುಮಾರು 45, 50 ದಿನಕ್ಕೆ ಸೂಲಂಗಿ ಬಿರಿಯುತ್ತದೆ. ಎರಡು ಮೂರು ದಿನ ಬಿಟ್ಟು ತೆನೆಯ ಕೂದಲು ಹೊರಗೆ ಬರುತ್ತದೆ. ಈ ಎರಡು ವಾರ ನೀರು ತಪ್ಪಲೇಬಾರದು. ಮದುವೆ, ಉಪನಯನ, ನೇಮ ಅಂತ ನಾಲ್ಕು ದಿನ ಮನೆ ಬಿಡುವುದಿದ್ದರೆ ನೀರು ಹಾಕಲು ಯಾರಿಗಾದರೂ ಹೇಳಿ ಹೋಗಿ. ಮರಳು ಮಣ್ಣಾದರೆ ದಿನಾ, ಕೆಂಪು ಮಣ್ಣಾದರೆ ಎರಡು ದಿನಕ್ಕೊಮ್ಮೆ. ನೀರು ಬುಡಕ್ಕೇ ಹೋಗಲಿ. ಪೈಪಿನಿಂದ ನೆತ್ತಿಗೆ ಬಿಟ್ಟರೆ ಹುಡಿ ತೊಳೆದುಹೋಗುತ್ತದೆ.

ಚೌಕದಲ್ಲಿ ನೆಟ್ಟರೂ ನಾನು ಗಾಳಿಯನ್ನೇ ನಂಬಿ ಕೂರುವುದಿಲ್ಲ. ಬೆಳಗ್ಗೆ ಹತ್ತರ ಹೊತ್ತಿಗೆ ಒಣಗಿದ ಸ್ಟೀಲ್ ತಟ್ಟೆ ಹಿಡಿದು ಹೋಗುತ್ತೇನೆ. ಸೂಲಂಗಿಯನ್ನು ಮೆಲ್ಲ ಬಗ್ಗಿಸಿ ತಟ್ಟೆಗೆ ಕೊಡಹಿದರೆ ಹಳದಿ ಹುಡಿ ಬೀಳುತ್ತದೆ. ಎರಡು ಮೂರು ಗಿಡದ್ದು ಸೇರಿಸಿ, ಒಂದು ಮೆತ್ತನೆ ಬ್ರಷ್‌ನಿಂದ ಎಲ್ಲ ತೆನೆಯ ಕೂದಲಿಗೂ ಸವರುತ್ತೇನೆ. ಹುಡಿಯನ್ನು ನಾಳೆಗೆ ಅಂತ ತೆಗೆದಿಡಬೇಡಿ, ಅದರ ಜೀವ ಕೆಲವೇ ಗಂಟೆ. ಬುಡದ ಕಾಳಿನ ಕೂದಲು ಮೊದಲು ಬರುತ್ತದೆ, ತುದಿಯದ್ದು ಕೊನೆಗೆ. ಆದ್ದರಿಂದ ಒಂದೇ ದಿನ ಮಾಡಿ ಬಿಟ್ಟರೆ ತುದಿ ಬೋಳಾಗಿ ಉಳಿಯುತ್ತದೆ. ನಾಲ್ಕೈದು ದಿನ ಬಿಡದೆ ಮಾಡಿ. ಹತ್ತೇ ನಿಮಿಷದ ಕೆಲಸ. ತಾರಸಿಯಲ್ಲಿ ಚೀಲದಲ್ಲಿ ಬೆಳೆಸುವವರಿಗಂತೂ ಇದು ಬಿಟ್ಟು ದಾರಿ ಇಲ್ಲ.

ಕೀಳುವುದು

ಕೂದಲು ಹೊರಬಂದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಅಲ್ಲಿಂದ 18ರಿಂದ 22 ದಿನ. ಕೂದಲು ಕಂದಾಗಿ ಒಣಗಿರಬೇಕು, ಸಿಪ್ಪೆ ಹಸಿರೇ ಇರಬೇಕು, ತೆನೆಯ ತುದಿ ಮುಟ್ಟಿದರೆ ಚೂಪಾಗಿರದೆ ಮೊಂಡಾಗಿರಬೇಕು. ಅನುಮಾನ ಇದ್ದರೆ ಸಿಪ್ಪೆಯನ್ನು ತುಸು ಸರಿಸಿ ಒಂದು ಕಾಳಿಗೆ ಉಗುರು ಚುಚ್ಚಿ. ನೀರಿನಂಥ ರಸ ಬಂದರೆ ಎರಡು ಮೂರು ದಿನ ಕಾಯಿರಿ. ಹಾಲಿನಂತೆ ಬಂದರೆ ಅದೇ ಹದ. ಹಿಟ್ಟಿನಂತೆ ಗಟ್ಟಿಯಾಗಿದ್ದರೆ ತಡವಾಯಿತು, ಅದನ್ನು ದೋಸೆಗೆ ಅರೆಯಿರಿ. ಈ ದಿನಗಳಲ್ಲಿ ಗಿಳಿ, ಅಳಿಲು ಬಂದರೆ ತೆನೆಗೆ ಹಳೆ ಬಟ್ಟೆಯ ಚೀಲ ಕಟ್ಟಿ. ಆದರೆ ಕೂದಲು ಒಣಗಿದ ಮೇಲೆ ಮಾತ್ರ.

ತೆನೆ ಗಿಡದಿಂದ ಬಿಟ್ಟ ಕ್ಷಣದಿಂದ ಅದರ ಸಕ್ಕರೆ ಕಡಿಮೆಯಾಗುತ್ತಾ ಹೋಗುತ್ತದೆ. ನಮ್ಮ ಸೆಕೆಗೆ ಇನ್ನೂ ಬೇಗ. ಹಾಗಾಗಿ ನಮ್ಮ ಮನೆಯಲ್ಲಿ ಮೊದಲು ಒಲೆಯ ಮೇಲೆ ನೀರು ಇಡುತ್ತೇವೆ. ನೀರು ಕುದಿ ಬರುವಾಗ ಹಿತ್ತಲಿಗೆ ಹೋಗಿ, ತೆನೆಯನ್ನು ಕೆಳಗೆ ಬಗ್ಗಿಸಿ ತಿರುಚಿ ಕೀಳುತ್ತೇವೆ. ಅಲ್ಲೇ ಸುಲಿದು ತಂದು ಐದು ನಿಮಿಷ ಬೇಯಿಸಿದರೆ ಸಾಕು. ಸಿಪ್ಪೆ, ದಂಟು ಹಸುವಿಗೆ. ಹಸು ಇಲ್ಲದಿದ್ದರೆ ಸಣ್ಣಗೆ ಕಡಿದು ತೆಂಗಿನ ಬುಡಕ್ಕೆ ಹಾಕಿ, ಚೌಕದಲ್ಲಿ ಅಲಸಂಡೆ ಬೀಜ ಊರಿಬಿಡಿ.